ಚಿಲ್ಲರೆ ಯಾರ ಹೊಣೆ?

2025ರ ಜನವರಿ 5ರಂದು ಬೆಂಗಳೂರಿನ ಬಿಎಂಟಿಸಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 6ಕ್ಕೆ ಏರಿತು. 10 ಇದ್ದದ್ದು 12 ಆಯಿತು, 15 ಇದ್ದದ್ದು 18. ಒಟ್ಟಾರೆ ಶೇ 15 ಎನ್ನಲಾದ ಈ ಏರಿಕೆ ಸರಿಯೇ ತಪ್ಪೇ ಎಂದು ಪಕ್ಷಗಳ ನಡುವೆ, ಪತ್ರಿಕೆಗಳಲ್ಲಿ ಸಾಕಷ್ಟು ವಾದ ನಡೆಯಿತು. ಡೀಸೆಲ್ ದುಬಾರಿಯಾಗಿದೆ, ಸಿಬ್ಬಂದಿಗೆ ಸಂಬಳ ಕೊಡಬೇಕು, ಏರಿಸದೆ ಗತಿಯಿಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಬೇರೆಯದು. ಐದರ ಮಗ್ಗಿಯಲ್ಲಿದ್ದ ದರವನ್ನು ಆ ಮಗ್ಗಿಯಿಂದ ಸರಿಸಿದವರು, ಆ ಬಿಡಿ ರೂಪಾಯಿಗಳು ಯಾರ ಜೇಬಿನಿಂದ ಬರಬೇಕು, ಯಾರ ಕೈಯಿಂದ ವಾಪಸಾಗಬೇಕು ಎಂಬುದನ್ನು ಇತ್ಯರ್ಥ ಮಾಡದೆ ಬಸ್ಸಿನೊಳಕ್ಕೇ ಬಿಟ್ಟುಬಿಟ್ಟರು.

ಲೆಕ್ಕ ಹಾಕಿ ನೋಡಿ. ಮೊದಲು 5 ರೂಪಾಯಿ ಟಿಕೆಟ್‌ಗೆ 10ರ ನೋಟು ಕೊಟ್ಟರೆ ಐದರ ಒಂದು ನಾಣ್ಯ ವಾಪಸು. 15ಕ್ಕೆ 20 ಕೊಟ್ಟರೂ ಅದೇ ನಾಣ್ಯ. ನಿರ್ವಾಹಕರ ಚೀಲದಲ್ಲಿ ಐದರ ನಾಣ್ಯಗಳಿದ್ದರೆ ದಿನ ಸಾಗುತ್ತಿತ್ತು. ಈಗ 6ಕ್ಕೆ 10 ಕೊಟ್ಟರೆ 4 ಕೊಡಬೇಕು, 12ಕ್ಕೆ 20 ಕೊಟ್ಟರೆ 8, 18ಕ್ಕೆ 20 ಕೊಟ್ಟರೆ 2. ಪ್ರತಿ ಟಿಕೆಟ್ಟೂ ಒಂದರ, ಎರಡರ ನಾಣ್ಯ ಬೇಡುತ್ತದೆ. ಅವು ಪ್ರಯಾಣಿಕರಿಂದಲೇ ಬರಬೇಕು, ಆದರೆ ಟಿಕೆಟ್‌ಗೆ ದುಡ್ಡು ಕೊಡುವವರ ಸಂಖ್ಯೆಯೇ ಕಡಿಮೆಯಾಗಿದೆ. 2023ರ ಜೂನ್ 11ರಂದು ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸಿಗುವುದು ಶೂನ್ಯ ಟಿಕೆಟ್. ಆ ಯೋಜನೆ ಮಾಡಿದ ಉಪಕಾರ ದೊಡ್ಡದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೂ ಮಾರುವವರು, ಸೊಪ್ಪು ಮಾರುವವರು, ಗಾರ್ಮೆಂಟ್ಸ್‌ಗೆ ಹೋಗುವವರು ಎಣಿಸಿ ಕೊಡುತ್ತಿದ್ದ ಚಿಲ್ಲರೆಯೂ ಆ ಚೀಲಕ್ಕೆ ಬೀಳುವುದು ನಿಂತಿತು.

ಹಾಗಾಗಿ ನಿರ್ವಾಹಕರು ಹಳೆಯ ಉಪಾಯಗಳನ್ನೇ ನಂಬಿದ್ದಾರೆ. ಒಂದು, ಟಿಕೆಟ್‌ನ ಹಿಂದೆ ಬಾಕಿ ಬರೆದು ‘ಇಳಿಯುವಾಗ ಇಸ್ಕೊಳ್ಳಿ’ ಎನ್ನುವುದು. ಕಿಕ್ಕಿರಿದ ಬಸ್ಸಿನಲ್ಲಿ ನಿಮ್ಮ ಸ್ಟಾಪ್ ಬಂದಾಗ ಅವರು ಹಿಂದಿನ ಬಾಗಿಲ ಬಳಿ, ನೀವು ಮುಂದೆ. ಎಂಟು ರೂಪಾಯಿಗಾಗಿ ನಲವತ್ತು ಜನರನ್ನು ದಾಟಿ ಹೋಗುವವರು ಕಡಿಮೆ. ಇನ್ನೊಂದು, ಗುರುತು ಪರಿಚಯವಿಲ್ಲದ ಇಬ್ಬರ ಕೈಗೆ ಒಂದೇ ನೋಟು ಕೊಟ್ಟು ‘ಇಬ್ಬರೂ ಹಂಚ್ಕೊಳ್ಳಿ’ ಎನ್ನುವುದು. ಇಬ್ಬರೂ ಒಂದೇ ಕಡೆ ಇಳಿದು, ಪೆಟ್ಟಿಗೆ ಅಂಗಡಿಯವನ ಮುಂದೆ ನಿಂತು, ಬೇಡದ ಬಾಳೆಹಣ್ಣು ಕೊಂಡು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾರೆ. ಸಂಸ್ಥೆ ತೀರಿಸಬೇಕಾದ ಋಣವನ್ನು ಇಬ್ಬರು ಅಪರಿಚಿತರು ರಸ್ತೆ ಬದಿಯಲ್ಲಿ ತೀರಿಸುತ್ತಾರೆ.

ಪ್ರಯಾಣಿಕರೇ ಸರಿಯಾದ ಚಿಲ್ಲರೆ ತರಬೇಕು ಎಂಬ ವಾದಕ್ಕೆ ಬಲವಿಲ್ಲದೆ ಇಲ್ಲ. ಕೊಡಬೇಕಾದವನು ಕೊಡಬೇಕಾದಷ್ಟನ್ನೇ ಸರಿಯಾಗಿ ಒಪ್ಪಿಸಬೇಕು ಎಂಬುದು ಕಾನೂನಿನ ಹಳೆಯ ತತ್ವ. ಬಸ್ಸು ಅಂಗಡಿಯಂತೆ ನಿಂತಲ್ಲೇ ನಿಂತಿರುವುದಿಲ್ಲ. ಒಬ್ಬರ ಐನೂರರ ನೋಟಿಗಾಗಿ ನಿರ್ವಾಹಕರು ನಿಂತರೆ, ದರದ ಹಂತ ಬದಲಾಗುವ ಮುಂದಿನ ಸ್ಟೇಜ್ ಬರುವಷ್ಟರಲ್ಲಿ ಹತ್ತು ಜನಕ್ಕೆ ಟಿಕೆಟ್ ಆಗಿರುವುದಿಲ್ಲ. ‘ಬೆಳಿಗ್ಗೆ ಬೆಳಿಗ್ಗೆನೇ ಐನೂರು ಕೊಟ್ರೆ ನಾನೆಲ್ಲಿಂದ ತರ್ಲಿ ಸಾರ್?’ ಎಂದು ಮೊದಲ ಟ್ರಿಪ್ಪಿನ ನಿರ್ವಾಹಕರು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ.

ಆದರೆ ಪ್ರಯಾಣಿಕನಾದರೂ ಎಲ್ಲಿಂದ ತರಬೇಕು? ಸಂಬಳ ಬ್ಯಾಂಕಿಗೆ ಬೀಳುತ್ತದೆ, ಎಟಿಎಂ ಸಾಮಾನ್ಯವಾಗಿ ಕೈಗಿಡುವುದು ಐನೂರರ ನೋಟು. ನೂರು, ಇನ್ನೂರರ ನೋಟುಗಳೂ ಎಟಿಎಂನಲ್ಲಿ ಸಿಗುವಂತೆ ನೋಡಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಬ್ಯಾಂಕುಗಳಿಗೆ ಸೂಚನೆಯನ್ನೇ ಕೊಡಬೇಕಾಯಿತು. ನೂರರ ನೋಟಿಗೇ ಆದೇಶ ಬೇಕಾದ ಊರಿನಲ್ಲಿ, ಕೂಲಿಗೆ ಹೊರಟವನು ಆರು ರೂಪಾಯಿ ಎಣಿಸಿಟ್ಟುಕೊಂಡು ಬರಬೇಕೆಂದು ಹೇಳುವುದು ಸುಲಭ. ಹತ್ತರ ನಾಣ್ಯದ ಪಾಡು ಇನ್ನೂ ಕಷ್ಟದ್ದು. ಆವರೆಗಿನ ಹದಿನಾಲ್ಕೂ ವಿನ್ಯಾಸಗಳ ಹತ್ತರ ನಾಣ್ಯಗಳು ಅಸಲಿ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿದರೂ, ನಮ್ಮ ಊರುಗಳ ಎಷ್ಟೋ ಅಂಗಡಿಗಳಲ್ಲಿ ಅದನ್ನು ಮುಟ್ಟಲು ಹಿಂಜರಿದರು.

ಈ ಜಗಳದಲ್ಲಿ ಹೆಚ್ಚು ಪೆಟ್ಟು ತಿನ್ನುವವರು ನಿರ್ವಾಹಕರು ಎಂದೇ ನನ್ನ ಭಾವನೆ. ಡ್ಯೂಟಿಗೆ ಹೊರಡುವಾಗ ಸ್ವಂತ ದುಡ್ಡು ಎಷ್ಟಿದೆ ಎಂದು ಅವರು ಬರೆದುಕೊಡಬೇಕು. ದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಚೀಲದ ಹಣಕ್ಕೂ ಟಿಕೆಟ್ ಲೆಕ್ಕಕ್ಕೂ ತಾಳೆ ನೋಡುತ್ತಾರೆ. ಕಡಿಮೆಯಾದರೆ ತಪ್ಪು, ಹೆಚ್ಚಾದರೂ ಅನುಮಾನ. ಚಿಲ್ಲರೆಯಿಲ್ಲದೆ ಎರಡು ರೂಪಾಯಿ ಬಿಟ್ಟುಕೊಟ್ಟರೆ ಕೈಯಿಂದ ಹೋಗುತ್ತದೆ, ಎರಡು ರೂಪಾಯಿ ಬಾಕಿ ಉಳಿದರೆ ‘ನುಂಗಿದ’ ಎಂಬ ಮಾತು ಬರುತ್ತದೆ. ದರ ನಿಗದಿ ಮಾಡುವ ಸಭೆಯಲ್ಲಿ ಈ ಮನುಷ್ಯನಿಗೆ ಕುರ್ಚಿಯಿಲ್ಲ. ಆ ಸಭೆಯ ಗಣಿತದ ಉಳಿಕೆಯನ್ನು ಹೊತ್ತು ತಿರುಗುವವನು ಮಾತ್ರ ಅವನೇ.

ಬೇರೆ ಊರುಗಳು ಇದನ್ನು ಹೇಗೆ ಬಗೆಹರಿಸಿಕೊಂಡವು ಎಂಬುದು ಗಮನಿಸತಕ್ಕದ್ದು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಬಸ್ ಚಾಲಕರ ದರೋಡೆಗಳು ಹೆಚ್ಚಿ, 1968ರಲ್ಲಿ ಒಬ್ಬ ಚಾಲಕ ಕೊಲೆಯಾದ ಮೇಲೆ, ಚಾಲಕರು ಚಿಲ್ಲರೆ ಇಟ್ಟುಕೊಳ್ಳುವುದನ್ನೇ ನಿಲ್ಲಿಸಲಾಯಿತು. ಸರಿಯಾದ ದುಡ್ಡನ್ನು ಬೀಗ ಹಾಕಿದ ಪೆಟ್ಟಿಗೆಗೆ ಹಾಕಬೇಕೆಂಬ ನಿಯಮ ಬಂತು, ಅಲ್ಲಿನ ಬೇರೆ ನಗರಗಳೂ ಅದೇ ದಾರಿ ಹಿಡಿದವು. ಆ ನಿಯಮದ ಹಿಂದೆ ಒಂದು ಜೀವದ ಪ್ರಶ್ನೆ ಇತ್ತು. ಡಬ್ಲಿನ್‌ನಲ್ಲೂ ಚಾಲಕರು ಚಿಲ್ಲರೆ ಕೊಡುವುದಿಲ್ಲ, ಆದರೆ ಹೆಚ್ಚು ಹಾಕಿದವರಿಗೆ ಬಾಕಿ ಎಷ್ಟೆಂದು ಯಂತ್ರವೇ ಚೀಟಿ ಮುದ್ರಿಸಿ ಕೊಡುತ್ತಾ ಬಂದಿದೆ. ಅದನ್ನು ಓ’ಕಾನಲ್ ಬೀದಿಯ ಕಚೇರಿಯಲ್ಲಿ ತೋರಿಸಿ ಹಣ ಪಡೆಯಬಹುದು. ಅಷ್ಟು ದೂರ ಎಲ್ಲರೂ ಹೋಗುವುದಿಲ್ಲ, ಒಪ್ಪೋಣ. ಆದರೆ ಬಾಕಿ ಸಂಸ್ಥೆಯದ್ದು ಎಂದು ಸಂಸ್ಥೆಯೇ ಅಚ್ಚು ಹಾಕಿ ಒಪ್ಪಿಕೊಂಡಿದೆಯಲ್ಲ, ಅದು ದೊಡ್ಡದು. ನಮ್ಮ ಟಿಕೆಟ್‌ನ ಹಿಂದಿನ ಪೆನ್ನಿನ ಗೀಚಿಗೆ ಆ ನಿರ್ವಾಹಕರ ನೆನಪಿನ ಹೊರತು ಬೇರೆ ಆಧಾರವಿಲ್ಲ, ಅವರು ಡ್ಯೂಟಿ ಮುಗಿಸಿ ಡಿಪೊಗೆ ಹೋದರೆ ಅದರ ಕಥೆ ಮುಗಿಯಿತು.

ಫೋನಿನಲ್ಲಿ ಕೊಟ್ಟರೆ ಎಲ್ಲ ಸರಿಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜಕ್ಕೂ ಯುಪಿಐನಿಂದ ಉಪಕಾರವಾಗಿದೆ, 6 ರೂಪಾಯಿ ಎಂದರೆ ಸರಿಯಾಗಿ 6 ರೂಪಾಯಿಯೇ ಹೋಗುತ್ತದೆ. ಆದರೆ ಸಿಗ್ನಲ್ ಸಿಗದಿದ್ದಾಗ ನಿರ್ವಾಹಕರು ಪಕ್ಕದಲ್ಲಿ ಕಾಯುತ್ತಾ ನಿಲ್ಲಬೇಕು. ಶಾಲೆಯ ಹುಡುಗ, ಕೀಪ್ಯಾಡ್ ಫೋನಿನ ಅಜ್ಜ, ಖಾತೆಯಲ್ಲಿ ಏನೂ ಉಳಿಯದ ತಿಂಗಳ ಕೊನೆಯ ಕೂಲಿಯವನು, ಇವರೆಲ್ಲ ಬಸ್ಸನ್ನೇ ನಂಬಿದವರು. ನಗದು ಹಿಡಿದವನಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ಬ್ಯಾಟರಿಯೂ ಬೇಕಿಲ್ಲ. ಲಂಡನ್ 2014ರ ಜುಲೈ 6ರಿಂದ ಬಸ್ಸುಗಳಲ್ಲಿ ನಗದನ್ನು ಪೂರ್ತಿ ನಿಲ್ಲಿಸಿತು. ಅಷ್ಟರಲ್ಲಿ ಅಲ್ಲಿ ನಗದು ಕೊಡುವವರು ನೂರರಲ್ಲಿ ಒಬ್ಬರಷ್ಟೇ ಉಳಿದಿದ್ದರು. ಹಾಗಿದ್ದೂ, ಅಲ್ಲಿನ ಮುಂಗಡ ಪಾವತಿಯ ಆಯ್ಸ್ಟರ್ ಕಾರ್ಡಿನಲ್ಲಿ ದುಡ್ಡು ಸಾಲದವರಿಗೆ ಇನ್ನೊಂದು ಪ್ರಯಾಣ ಮಾಡಲು ಬಿಟ್ಟು, ಕೊರತೆಯನ್ನು ಆಮೇಲೆ ಹಿಡಿದುಕೊಳ್ಳುವ ಏರ್ಪಾಡು ಮಾಡಿದರು. ನಿಯಮ ತಂದವರು ಅದರ ಭಾರದಲ್ಲಿ ಒಂದು ಪಾಲನ್ನು ತಾವೇ ಹೊತ್ತರು. ನಮ್ಮಲ್ಲಿ ನಗದು ನಿಲ್ಲಿಸುವ ಮಾತು ಬಂದರೆ ನಾನು ಖಂಡಿತ ವಿರೋಧಿಸುತ್ತೇನೆ, ನಗದು ಇರುವಷ್ಟು ದಿನ ಅದನ್ನು ನೆಟ್ಟಗೆ ನಡೆಸಿ ಎಂದೂ ಕೇಳುತ್ತೇನೆ.

ನೆಟ್ಟಗೆ ನಡೆಸುವುದು ಅಸಾಧ್ಯವಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊ ದರ ಏರಿಸಿದಾಗ ಹತ್ತರ ಮಗ್ಗಿಯಲ್ಲಿ 10ರಿಂದ 90ರವರೆಗೆ ಹಂತಗಳನ್ನು ಇಟ್ಟಿತು. ಆ ಏರಿಕೆ ಅತಿಯಾಯಿತೆಂಬ ದೂರು ನ್ಯಾಯವಾದದ್ದೇ, ಆದರೆ ಅದಕ್ಕೆ ಬಿಡಿ ನಾಣ್ಯದ ಗೋಳು ಅಂಟಲಿಲ್ಲ. ಬಸ್ಸಿನ ದರವೂ ಐದರ ಹಂತಗಳಲ್ಲೇ ಇರಲಿ. ಸಂಸ್ಥೆಗೆ ಹೆಚ್ಚು ಹಣ ಬೇಕಾದರೆ ಸ್ಟೇಜ್‌ಗಳ ಉದ್ದವನ್ನು ಹೊಂದಿಸಿಕೊಳ್ಳಲಿ, ಮೊದಲ ಸ್ಟೇಜನ್ನು ಮಾತ್ರ ಮೇಲಕ್ಕೆ ದುಂಡು ಮಾಡದಿರಲಿ. ಮಾರುಕಟ್ಟೆಯಿಂದ ಬಸ್ ನಿಲ್ದಾಣಕ್ಕೆ ಮೂಟೆ ಹೊತ್ತು ಎರಡು ಸ್ಟಾಪ್ ಹೋಗುವವರು 10 ಕೊಡುವಂತಾಗಬಾರದು. ಡಿಪೊ ಬಿಡುವ ಪ್ರತಿ ಚೀಲದಲ್ಲೂ ಸಂಸ್ಥೆಯ ಹಣದಲ್ಲೇ ಎಣಿಸಿದ ನಾಣ್ಯಗಳಿರಲಿ. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಯುಪಿಐನಲ್ಲಿ ಹಣ ಕಟ್ಟಿದರೆ ನಾಣ್ಯ ಕೊಡುವ ಯಂತ್ರಗಳನ್ನು 12 ನಗರಗಳಲ್ಲಿ ಪ್ರಯೋಗಿಸುವುದಾಗಿ ರಿಸರ್ವ್ ಬ್ಯಾಂಕ್ 2023ರ ಫೆಬ್ರವರಿಯಲ್ಲಿ ಪ್ರಕಟಿಸಿತ್ತು. ಅಂಥದ್ದು ಮೊದಲು ಬೇಕಾದದ್ದು ಮೆಜೆಸ್ಟಿಕ್‌ನಲ್ಲಿ, ಕೆ.ಆರ್. ಮಾರುಕಟ್ಟೆಯಲ್ಲಿ, ಶಿವಾಜಿನಗರದಲ್ಲಿ.

ಇಷ್ಟಾದ ಮೇಲೂ ಚಿಲ್ಲರೆ ಸಾಲದೆ ಬರುವ ದಿನಗಳಿರುತ್ತವೆ. ಆಗ ಟಿಕೆಟ್ ಮುದ್ರಿಸುವ ಯಂತ್ರವೇ ಬಾಕಿಯನ್ನೂ ಮುದ್ರಿಸಲಿ, ಆ ಚೀಟಿ ಊರಿನ ಯಾವ ಬಸ್ಸಿನಲ್ಲಾದರೂ, ಯಾವ ಪಾಸ್ ಕೌಂಟರ್‌ನಲ್ಲಾದರೂ ಹಣದಂತೆ ನಡೆಯಲಿ. ವರ್ಷದ ಕೊನೆಗೆ ಯಾರೂ ಕೇಳಿ ಪಡೆಯದೆ ಉಳಿದ ಮೊತ್ತ ಎಷ್ಟೆಂದು ಸಂಸ್ಥೆ ತನ್ನ ವಾರ್ಷಿಕ ಲೆಕ್ಕಪತ್ರದಲ್ಲಿ ಪ್ರತ್ಯೇಕ ಸಾಲಿನಲ್ಲಿ ತೋರಿಸಲಿ. ಮುಂದಿನ ಸಲ ದರ ಏರಿಸಲು ಕೂತವರ ಮೇಜಿನ ಮೇಲೆ ಡೀಸೆಲ್ ಬೆಲೆಯ ಪಕ್ಕದಲ್ಲಿ ಆ ಸಾಲೂ ಇರಬೇಕು.