ಕೊರಿಯದವರ ಕೇಬಲ್ಲೂ ನಮ್ಮ ನೆಪಗಳೂ

ಕಳೆದ ರಾಜ್ಯೋತ್ಸವದ ವಿಚಾರಗೋಷ್ಠಿಯಲ್ಲಿ ನಮ್ಮ ಸಂಘದ ಹಿರಿಯರೊಬ್ಬರು ಆಡಿದ ಮಾತಿಗೆ ನಾನು ಅಂದೇ ಉತ್ತರಿಸಬೇಕಿತ್ತು. ಊಟದ ಹೊತ್ತು ಮೀರಿದ್ದರಿಂದ ಅಧ್ಯಕ್ಷರು ಅವಕಾಶ ಕೊಡಲಿಲ್ಲ. ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡ ಧಾರಾವಾಹಿಗಳನ್ನು ಬಿಟ್ಟು ಕೊರಿಯದ ಧಾರಾವಾಹಿಗಳಿಗೆ ಮರುಳಾಗಿರುವುದನ್ನು ಖಂಡಿಸುತ್ತ ಅವರು, "ಅದೆಲ್ಲ ಆ ದೇಶದ ಸರ್ಕಾರ ಹಣ ಸುರಿದು ಕಟ್ಟಿದ ಮಾಯೆ, ನಮಗೂ ಅಂಥ ಸರ್ಕಾರವಿದ್ದಿದ್ದರೆ ಕನ್ನಡವೂ ಜಗತ್ತನ್ನು ಗೆಲ್ಲುತ್ತಿತ್ತು" ಎಂದರು. ಭಾರೀ ಚಪ್ಪಾಳೆ ಬಿತ್ತು. ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ, ಸರ್ಕಾರವೊಂದು ಧಾರಾವಾಹಿಯನ್ನು ಸೊಗಸುಗೊಳಿಸಬಲ್ಲದೆಂಬ ಈ ನಂಬಿಕೆ ಬಹಳ ಮುಗ್ಧವೆನಿಸಿತು.

ನಮ್ಮ ಮಕ್ಕಳು ನೋಡುವ ಈ ಧಾರಾವಾಹಿಗಳಲ್ಲಿ ಹಲವು ಟಿವಿಎನ್ ಎಂಬ ಕೇಬಲ್ ವಾಹಿನಿಯವು. ಅದರ ಒಡೆತನ ಸಿಜೆ ಎಂಬ ಉದ್ಯಮ ಸಮೂಹದ್ದು. ಈ ಸಮೂಹದ ಮೂಲ ಒಂದು ಸಕ್ಕರೆ ಕಾರ್ಖಾನೆ: 1953ರಲ್ಲಿ ಬೂಸಾನಿನಲ್ಲಿ ಸ್ಯಾಮ್‌ಸಂಗ್ ಮನೆತನದವರು ತೆರೆದದ್ದು. ತೊಂಬತ್ತರ ದಶಕದಲ್ಲಿ ಅದು ಮೂಲ ಮನೆಯಿಂದ ಪಾಲಾಗಿ ಹೊರಬಂದಿತು. ಕೊರಿಯದಲ್ಲಿ ಕೇಬಲ್ ಪ್ರಸಾರ ಮೊದಲಾದದ್ದು 1995ರಲ್ಲಿ. ಅದೇ ವರ್ಷ ಈ ಸಕ್ಕರೆ ವರ್ತಕರು ಅಮೆರಿಕದ ಡ್ರೀಮ್‌ವರ್ಕ್ಸ್ ಚಿತ್ರಸಂಸ್ಥೆಯಲ್ಲಿ 30 ಕೋಟಿ ಡಾಲರ್ ತೊಡಗಿಸಿದರು. 1997ರಲ್ಲಿ ಎಂನೆಟ್ ಎಂಬ ಸಂಗೀತ ವಾಹಿನಿಯನ್ನು ಕೊಂಡರು. ಟಿವಿಎನ್ ಆರಂಭವಾದದ್ದು 2006ರ ಅಕ್ಟೋಬರ್ 9ರಂದು. ಅದು ಕೊರಿಯನ್ನರು ತಮ್ಮ ಲಿಪಿಯ ಹೆಸರಿನಲ್ಲಿ ಆಚರಿಸುವ ಹಂಗುಲ್ ದಿನ. ದಿನ ದೊಡ್ಡದಾದರೂ ಸರಕು ದೊಡ್ಡದಾಗಿರಲಿಲ್ಲ. ಮೊದಲ ವರ್ಷಗಳಲ್ಲಿ ಆ ವಾಹಿನಿ ಅಗ್ಗದ ರೋಚಕತೆಗಾಗಿ ಸಾಕಷ್ಟು ಬೈಸಿಕೊಂಡಿತು.

ಸರ್ಕಾರ ಏನೂ ಮಾಡಲಿಲ್ಲವೆಂದು ನಾನು ಹೇಳುವುದಿಲ್ಲ. ಕೇಬಲ್ ಕಾನೂನು ತಂದಿತು, 1999ರಲ್ಲಿ ಸಂಸ್ಕೃತಿ ಉದ್ಯಮಗಳ ಪ್ರೋತ್ಸಾಹಕ್ಕೆ ಶಾಸನ ಮಾಡಿತು. ಆದರೆ ಹಿರಿಯರು ಹೇಳಿದ ಆ ಕೃಪೆಯ ಇನ್ನೊಂದು ಮುಖವನ್ನೂ ನೋಡಬೇಕು. 2012ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಟಿವಿಎನ್ ತನ್ನ ವಿಡಂಬನಾ ಕಾರ್ಯಕ್ರಮದಲ್ಲಿ ಅಭ್ಯರ್ಥಿಗಳನ್ನೆಲ್ಲ ಗೇಲಿ ಮಾಡಿತು. ಗೆದ್ದು ಬಂದ ಪಾರ್ಕ್ ಗ್ಯೂನ್-ಹೈ ಅವರ ಕಾರ್ಯಾಲಯದ ಹಿರಿಯ ಅಧಿಕಾರಿಯೊಬ್ಬರು 2013ರಲ್ಲಿ, ಸಿಜೆಯ ಉಪಾಧ್ಯಕ್ಷೆ ಲೀ ಮಿ-ಕ್ಯಂಗ್ ಹುದ್ದೆ ಬಿಡಬೇಕೆಂದು ಒತ್ತಡ ತಂದರು. 2018ರಲ್ಲಿ ನ್ಯಾಯಾಲಯ ಆ ಅಧಿಕಾರಿಯನ್ನು ತಪ್ಪಿತಸ್ಥರೆಂದಿತು. ಇಂಥ ಕೃಪೆಯನ್ನು ನಾವೂ ಬೇಡೋಣವೇ?

ಹಾಗಾದರೆ ಗೆಲುವು ಬಂದದ್ದೆಲ್ಲಿಂದ? 2012ರಲ್ಲೇ ಟಿವಿಎನ್ ‘ರಿಪ್ಲೈ 1997’ ಎಂಬ ಧಾರಾವಾಹಿಯನ್ನು ಪ್ರಸಾರ ಮಾಡಿತು. ನಿರ್ದೇಶಕ ಶಿನ್ ವನ್-ಹೋ ಸರ್ಕಾರಿ ವಾಹಿನಿ ಕೆಬಿಎಸ್‌ನಲ್ಲಿ ಹಾಸ್ಯ-ವಿನೋದದ ಕಾರ್ಯಕ್ರಮ ಮಾಡುತ್ತಿದ್ದವರು. ಅಲ್ಲಿಂದ ಇಲ್ಲಿಗೆ ಬಂದರು. ನಾಯಕಿ ಬೂಸಾನಿನ ಗಾಯಕಿ, ಹಿಂದೆ ನಟಿಸಿದವಳೇ ಅಲ್ಲ. ಕಥೆ ಬಹುಮಟ್ಟಿಗೆ ಬೂಸಾನಿನ ಆಡುಮಾತಿನಲ್ಲಿ ನಡೆಯುತ್ತದೆ. ಅಲ್ಲಿ ಪ್ರೀತಿಸುವವರು, ಅಳುವವರು, ಜಗಳವಾಡುವವರು ಬಹುತೇಕ ಎಲ್ಲರೂ ರಾಜಧಾನಿಯ ಶಿಷ್ಟ ಭಾಷೆಯನ್ನು ಬಿಟ್ಟವರು. ಮರುವರ್ಷದ ‘ರಿಪ್ಲೈ 1994’ ನಮ್ಮಂಥವರ ಕಥೆಯೇ ಸರಿ: ಸಿಯೋಲಿನ ಒಂದು ವಸತಿಗೃಹ, ನಡೆಸುವವರು ಮಾಸಾನಿನವರು, ಉಳಿದುಕೊಂಡವರು ಬೇರೆ ಬೇರೆ ಪ್ರಾಂತ್ಯಗಳಿಂದ ಓದಲು ಬಂದ ಹುಡುಗರು, ಪ್ರತಿಯೊಬ್ಬನ ಬಾಯಲ್ಲೂ ಅವನ ಊರಿನ ಮಾತು. ಕೇಬಲ್ ಕಾರ್ಯಕ್ರಮಕ್ಕೆ ಶೇಕಡಾ 1ರಷ್ಟು ವೀಕ್ಷಕರು ಸಿಕ್ಕರೆ ಹಬ್ಬವೆನ್ನುತ್ತಿದ್ದ ದೇಶದಲ್ಲಿ ‘ರಿಪ್ಲೈ 1988’ರ ಕೊನೆಯ ಕಂತು 2016ರ ಜನವರಿಯಲ್ಲಿ ಶೇಕಡಾ 18ನ್ನು ದಾಟಿತು. 2020ರಲ್ಲಿ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಶೇಕಡಾ 21ನ್ನು ಮೀರಿತು.

ಈಗ ನಮ್ಮ ಮನೆಗೆ ಬರೋಣ. ಉದಯ ಟಿವಿ 1994ರಲ್ಲಿ ಚೆನ್ನೈ ಬಂಡವಾಳದಿಂದ ಬಂತು, ಈಟಿವಿ ಕನ್ನಡ 2000ದಲ್ಲಿ ಹೈದರಾಬಾದಿನಿಂದ. ಬಂಡವಾಳ ಹೊರಗಿನದೆಂಬ ಗೊಣಗಾಟ ನಮ್ಮಲ್ಲಿ ಹಳೆಯದು. ಆದರೆ ಧಾರವಾಡದ ಮಾತನ್ನು ಮನೆಗೆಲಸದವಳಿಗೂ ಮಂಗಳೂರಿನ ಮಾತನ್ನು ಹೋಟೆಲ್ ಭಟ್ಟರ ನಗೆಚಾಟಿಕೆಗೂ ಮೀಸಲಿಟ್ಟವರು ಚೆನ್ನೈಯ ಧಣಿಗಳಲ್ಲ. ಬೆಂಗಳೂರಿನಲ್ಲಿ ಕುಳಿತು ಬರೆದ ನಮ್ಮವರೇ. ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ ಉತ್ತರ ಕರ್ನಾಟಕದ ಮಾತಿನಲ್ಲೇ ಮನೆಮಾತಾಯಿತು, ಅದೂ ಹೈದರಾಬಾದಿನ ಹಣದಲ್ಲಿ. ಅಂಥವು ಅಪವಾದವಾಗಿಯೇ ಉಳಿದವು. ನಾನು ಬಾಗಲಕೋಟೆಯವನು. ನನ್ನ ಮಗಳು ಚಿಕ್ಕವಳಿದ್ದಾಗ ಒಂದು ಸಂಜೆ ಟಿವಿ ನೋಡುತ್ತ ಕೇಳಿದಳು: "ಅಪ್ಪಾ, ನಮ್ಮ ಅಜ್ಜಿ ಹಂಗ ಮಾತಾಡೋರು ಯಾವಾಗ್ಲೂ ಕೆಲಸದೋರೇ ಯಾಕಿರ್ತಾರ?" ಆ ಪ್ರಶ್ನೆಯ ನಂತರ ಅವಳು ಕನ್ನಡ ವಾಹಿನಿಯ ಮುಂದೆ ಕೂತದ್ದು ಕಡಿಮೆ. ಈಗ ಬೂಸಾನಿನ ಮಾತಿಗೂ ಸಿಯೋಲಿನ ಮಾತಿಗೂ ಇರುವ ವ್ಯತ್ಯಾಸವನ್ನು ಅವಳೇ ನನಗೆ ವಿವರಿಸುತ್ತಾಳೆ.

ಕೊರಿಯದವರನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಟಿವಿಎನ್‌ನ ಯುವ ಸಹಾಯಕ ನಿರ್ದೇಶಕನೊಬ್ಬ ಅಮಾನುಷ ದುಡಿಮೆಯನ್ನು ಪ್ರತಿಭಟಿಸಿ 2016ರಲ್ಲಿ ಪ್ರಾಣ ಕಳೆದುಕೊಂಡ. ಸಂಸ್ಥೆ ಕ್ಷಮೆ ಕೇಳಲು ಮುಂದಿನ ವರ್ಷದವರೆಗೆ ಕಾಯಿತು. ಎಂನೆಟ್‌ನ ಗಾಯನ ಸ್ಪರ್ಧೆಗಳಲ್ಲಿ ವೀಕ್ಷಕರ ಮತಗಳನ್ನೇ ತಿದ್ದಿದ ಪ್ರಕರಣ 2019ರಲ್ಲಿ ಹೊರಬಿದ್ದು ನಿರ್ಮಾಪಕರು ಜೈಲು ಸೇರಿದರು. ಇವು ನಮಗೆ ಬೇಡ.

ಬೇಕಾದದ್ದಕ್ಕೆ ಸರ್ಕಾರದ ಅನುದಾನವೂ ಬೇಕಿಲ್ಲ. ನಮ್ಮ ಸಂಘದ ಮಕ್ಕಳ ನಾಟಕ ಸ್ಪರ್ಧೆಯ ನಿಯಮಾವಳಿಯಲ್ಲಿ ‘ಶುದ್ಧ ಕನ್ನಡ’ಕ್ಕೆ 10 ಅಂಕಗಳಿವೆ. ಎರಡು ವರ್ಷಗಳ ಹಿಂದೆ ಬೀದರಿನ ಮನೆತನದ ಹುಡುಗನೊಬ್ಬ ತನ್ನ ತಾಯಿಯ ಮಾತಿನಲ್ಲಿ ಆಡಿ, ಅದರಿಂದಲೇ ಬಹುಮಾನ ಕಳೆದುಕೊಂಡ. ತೀರ್ಪುಗಾರರಲ್ಲಿ ನಾನೂ ಒಬ್ಬನಿದ್ದೆ, ಸುಮ್ಮನಿದ್ದೆ. ಆ ನಿಯಮವನ್ನು ತೆಗೆದುಹಾಕುವ ಗೊತ್ತುವಳಿಯನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸುತ್ತೇನೆ. ರಾಜ್ಯೋತ್ಸವದಂದು ಚಪ್ಪಾಳೆ ತಟ್ಟಿದ ಸದಸ್ಯರು ಆ ದಿನವೂ ದಯವಿಟ್ಟು ಬರಬೇಕು.