ಮೊಹರೊಡೆಯದ ಕಾರು

ತಯಾರಿಕೆ ನಿಂತುಹೋದ ಪುಟ್ಟ ಲೆಗೊ ಕಾರುಗಳನ್ನು ಹುಡುಕಿ ಕೊಂಡು, ಬೆಲೆ ಏರಲೆಂದು ಪೆಟ್ಟಿಗೆಯ ಮೊಹರನ್ನೂ ಒಡೆಯದೆ ಬೀರುವಿನಲ್ಲಿಡುವವರು ನನ್ನ ಹಳೆಯ ವಿದ್ಯಾರ್ಥಿಗಳಲ್ಲೂ ಇದ್ದಾರೆ. ನನಗಿದು ಒಪ್ಪಿಗೆಯಿಲ್ಲ.

ಡೆನ್ಮಾರ್ಕಿನಲ್ಲಿ 1932ರಲ್ಲಿ ಆ ಸಂಸ್ಥೆಯನ್ನು ಆರಂಭಿಸಿದವನು ಮರದ ಆಟಿಕೆ ಮಾಡುತ್ತಿದ್ದ ಬಡಗಿ. ನಮ್ಮ ಚನ್ನಪಟ್ಟಣದವರ ಬಳಗದವನೇ ಎನ್ನಿ. 1958ರಲ್ಲಿ ರೂಪುಗೊಂಡ ಇಟ್ಟಿಗೆ ಇಂದಿನ ಇಟ್ಟಿಗೆಯೊಡನೆಯೂ ಬಿಗಿಯಾಗಿ ಕೂಡುತ್ತದೆ. ಮಾದರಿಯೊಂದು ಅಂಗಡಿಯಿಂದ ಮರೆಯಾದರೂ ಅದರ ಬಿಡಿಭಾಗಗಳಿಗೆ ಮುಪ್ಪಿಲ್ಲ: ಕಾರು ಬೇಸರವಾದರೆ ಲಾರಿಯಾದೀತು. ಒಡೆಯದ ಪೆಟ್ಟಿಗೆಗೆ ಆ ಭಾಗ್ಯವೆಲ್ಲಿ?

ಹನುಮಂತನಗರದ ನಮ್ಮಂಥ ಮನೆಗಳಲ್ಲಿ ಸಂಗ್ರಹವೆಂದರೆ ದಸರೆಯ ಬೊಂಬೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳು. ಕೆಳಗೆ ಮರದ ಬಂಡಿ, ತಗಡಿನ ಬಸ್ಸು. ವರ್ಷಕ್ಕೊಮ್ಮೆಯಾದರೂ ಅವು ಹೊರಬಂದು ಮಕ್ಕಳ ಕಣ್ಣಿಗೆ (ಹಿರಿಯರು ಅತ್ತ ತಿರುಗಿದಾಗ ಕೈಗೂ) ಸಿಗುತ್ತವೆ. ಕೂಡಿಡುವವರು ಬರುವ ನವರಾತ್ರಿಗೆ ಒಂದು ಪೆಟ್ಟಿಗೆಯನ್ನಾದರೂ ಒಡೆಯಲಿ. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳೇ ಆ ಕಾರನ್ನು ಜೋಡಿಸಲಿ.