ಶಾಲೆ ಬಿಡಿಸಿದ ಮೇಲೆ ಮನೆಯನ್ನೇ ಶಾಲೆ ಮಾಡಬೇಡಿ

ಇವತ್ತಿನದು ಸಂದರ್ಶನ ಅಲ್ಲ, ನನ್ನ ಅಭಿಪ್ರಾಯ. ಮನೆಯಲ್ಲಿ ಹದಿಮೂರು ಹದಿನಾಲ್ಕರ ಮಗ ಅಥವಾ ಮಗಳು, ಆಟಿಸಂ ಇದೆ. ಕಂಪ್ಯೂಟರ್ ಅಂದ್ರೆ ಪ್ರಾಣ, ಶಾಲೆ ಅಂದ್ರೆ ಹೊಟ್ಟೆನೋವು. ಸಾಕು, ಮನೆಯಲ್ಲೇ ಕಲಿಸೋಣ ಅಂತ ಅಪ್ಪ ಅಮ್ಮ ತೀರ್ಮಾನ ಮಾಡ್ತಾರೆ. ಮಾರನೇ ದಿನವೇ ಗೋಡೆ ಮೇಲೆ ವೇಳಾಪಟ್ಟಿ: ಎಂಟಕ್ಕೆ ಗಣಿತ, ಒಂಬತ್ತಕ್ಕೆ ಇಂಗ್ಲಿಷ್. ನನ್ನ ಪ್ರಕಾರ ತೊಂದರೆ ಶುರುವಾಗೋದೇ ಅಲ್ಲಿ.

ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೊ ಕಡೆಯ ಕನ್ನಡ ಮನೆಗಳನ್ನು ಮನಸ್ಸಲ್ಲಿಟ್ಟುಕೊಂಡು ಮಾತಾಡ್ತೀನಿ. ಅಮೆರಿಕದ ಸಿಡಿಸಿ ಸಂಸ್ಥೆ 16 ಪ್ರದೇಶಗಳಲ್ಲಿ ಎಂಟು ವರ್ಷದ ಮಕ್ಕಳ 2022ರ ದಾಖಲೆಗಳನ್ನು ನೋಡಿದಾಗ, ಒಟ್ಟಾರೆ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಸ್ಯಾನ್ ಡಿಯಾಗೊದಲ್ಲಿ 19ಕ್ಕೆ ಒಬ್ಬರು. ಅಲ್ಲಿನ ಗಾಳಿ ನೀರಿನಲ್ಲಿ ಏನೋ ಇದೆ ಅಂತ ಗಾಬರಿ ಬೇಡ. ಬೇಗ ಗುರುತಿಸೋದಕ್ಕೆ ಅಲ್ಲಿ ಮಕ್ಕಳ ವೈದ್ಯರಿಗೆ ತರಬೇತಿ ಕೊಟ್ಟಿದ್ದಾರೆ. ಹುಡುಕಿದ ಕಡೆ ಹೆಚ್ಚು ಸಿಗುತ್ತದೆ, ಅಷ್ಟೇ.

ಮೊದಲು ಕಾಗದಪತ್ರ. ಲಾಸ್ ಏಂಜಲೀಸ್‌ನ ಒಂದು ಪ್ರಕರಣದಲ್ಲಿ, ಶಿಕ್ಷಕರ ಪರವಾನಗಿ ಇಲ್ಲದ ಪೋಷಕರು ಮನೆಯಲ್ಲಿ ಕಲಿಸುವಂತಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2008ರ ಫೆಬ್ರವರಿಯಲ್ಲಿ ಹೇಳಿತ್ತು. ಅದೇ ಆಗಸ್ಟ್‌ನಲ್ಲಿ ಆ ತೀರ್ಪನ್ನು ತಾನೇ ಬದಲಿಸಿತು. ಈಗ ಮುಖ್ಯವಾಗಿ ಎರಡು ದಾರಿ. ಒಂದು, ನಿಮ್ಮ ಮನೆಯನ್ನೇ ಖಾಸಗಿ ಶಾಲೆ ಎಂದು ಘೋಷಿಸಿ ಪ್ರತಿ ವರ್ಷ ಅಕ್ಟೋಬರ್ 1ರಿಂದ 15ರ ಒಳಗೆ ರಾಜ್ಯ ಶಿಕ್ಷಣ ಇಲಾಖೆಗೆ ಅಫಿಡವಿಟ್ ಸಲ್ಲಿಸೋದು. ಇನ್ನೊಂದು, ಮನೆಯಿಂದಲೇ ಓದಲು ಬಿಡುವ ಸಾರ್ವಜನಿಕ ಚಾರ್ಟರ್ ಶಾಲೆಗೆ ಸೇರಿಸೋದು.

ಅಫಿಡವಿಟ್‌ನಲ್ಲಿ ಸ್ವಾತಂತ್ರ್ಯ ಜಾಸ್ತಿ. ಆದರೆ ಹುಷಾರು: ಆಗ ಕಾನೂನಿನ ಲೆಕ್ಕದಲ್ಲಿ ನಿಮ್ಮ ಮಗು ಖಾಸಗಿ ಶಾಲೆಯ ವಿದ್ಯಾರ್ಥಿ. ಐಇಪಿ, ಅಂದ್ರೆ ಆ ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ, ಅದರಿಂದ ಸಿಗುತ್ತಿದ್ದ ಮಾತಿನ ಥೆರಪಿಯಂಥ ಸೇವೆಗಳ ಮೇಲಿನ ಹಕ್ಕು ಹೋಗುತ್ತದೆ. ಚಾರ್ಟರ್‌ನಲ್ಲಿ ಐಇಪಿ ಉಳಿಯುತ್ತದೆ, ಜೊತೆಗೆ ಪರೀಕ್ಷೆ, ವರದಿಗಳೂ ಇರುತ್ತವೆ. ಥೆರಪಿಯಿಂದ ಉಪಯೋಗ ಆಗ್ತಿದ್ದರೆ ಅಫಿಡವಿಟ್‌ಗೆ ಅವಸರ ಬೇಡ ಅನ್ನೋದು ನನ್ನ ಸಲಹೆ. ಲ್ಯಾಂಟರ್‌ಮನ್ ಕಾಯ್ದೆಯಡಿ ರೀಜನಲ್ ಸೆಂಟರ್‌ಗಳು ಕೊಡುವ ನೆರವು ಬೇರೆಯೇ ವ್ಯವಸ್ಥೆ. ಶಾಲೆ ಬಿಡಿಸಿದಿರಿ ಅಂತ ಅದರ ಅರ್ಹತೆ ಹೋಗೋದಿಲ್ಲ.

ಇನ್ನು ಕಲಿಕೆ. 2005ರಲ್ಲಿ ಡೈನಾ ಮರ್ರೆ ಮತ್ತು ಸಂಗಡಿಗರು ‘ಮಾನೊಟ್ರೊಪಿಸಂ’ ಎಂಬ ವಿಚಾರವನ್ನು ವಿವರವಾಗಿ ಮಂಡಿಸಿದರು. ಆಟಿಸಂ ಇರುವವರ ಗಮನ ಹಲವು ಕಡೆ ಹಂಚಿಹೋಗುವ ಬದಲು ಒಂದೆರಡು ವಿಷಯಗಳಲ್ಲಿ ಆಳವಾಗಿ ಇಳಿಯುತ್ತದೆ, ಅಲ್ಲಿಂದ ಎಳೆದು ತೆಗೆದರೆ ಹಿಂಸೆ ಆಗುತ್ತದೆ ಅನ್ನೋದು ಅದರ ಸಾರ. ಇದು ಇನ್ನೂ ಸಿದ್ಧಾಂತವೇ, ಅಂತಿಮ ಮಾತಲ್ಲ. ಆದರೆ ನಲವತ್ತು ನಿಮಿಷಕ್ಕೊಂದು ಗಂಟೆ ಹೊಡೆಯುವ ಪದ್ಧತಿ ಇಂಥ ಗಮನಕ್ಕೆ ಎಷ್ಟು ವಿರುದ್ಧ ಅಂತ ಯೋಚಿಸಿ.

ಅದಕ್ಕೇ ಕಂಪ್ಯೂಟರನ್ನು ಬಹುಮಾನ ಮಾಡಬೇಡಿ. ‘ಲೆಕ್ಕ ಮುಗಿಸಿದ್ರೆ ಲ್ಯಾಪ್‌ಟಾಪ್’ ಅಂದಾಗ ನೀವು ಆ ಮಗುವಿನ ಕಲಿಕೆಯ ಬಾಗಿಲಿಗೇ ಬೀಗ ಹಾಕಿ ಕೀಲಿ ಜೇಬಿಗಿಳಿಸಿದ ಹಾಗೆ. ಮೈನ್‌ಕ್ರಾಫ್ಟ್ ಆಡೋ ಹುಡುಗ ತನ್ನದೇ ಸರ್ವರ್ ನಡೆಸಲಿ. ಅದಕ್ಕೆ ಲಿನಕ್ಸ್ ಬಳಸಬಹುದು, ನೆಟ್‌ವರ್ಕ್ ಬೇಕು. ಐಪಿ ವಿಳಾಸ ಅರ್ಥವಾಗಲು ದ್ವಿಮಾನ ಸಂಖ್ಯೆ ಬೇಕು. ಬೇರೆಯವರಿಗೆ ನಿಯಮ ತಿಳಿಸಲು ಬರವಣಿಗೆ ಬೇಕು. ಎಲ್ಲ ವಿಷಯವೂ ಹೀಗೆ ತಾನಾಗೇ ಬರುತ್ತದೆ ಅನ್ನಲ್ಲ. ಬಾರದ್ದನ್ನು ಆಮೇಲೆ, ನಿಧಾನಕ್ಕೆ ಸೇರಿಸಿ. ಮುಂದೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಪ್ರೋಗ್ರಾಮಿಂಗ್ ಕೋರ್ಸ್ ತೆಗೆದುಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ವಯಸ್ಸಿನವರಿಗೂ ಅದಕ್ಕೆ ಅವಕಾಶ ಇದೆ.

‘ಜನರ ಜೊತೆ ಬೆರೆಯೋದು ಹೇಗೆ?’ ಅಂತ ಊರಿಂದ ಅಜ್ಜಿ ಫೋನಿನಲ್ಲಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದು ನೆನಪಿಡಿ: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ. ಆಟಿಸಂ ಇರುವವರು ತಮ್ಮತಮ್ಮಲ್ಲಿ ಮಾಹಿತಿಯನ್ನು ಉಳಿದವರಷ್ಟೇ ಚೆನ್ನಾಗಿ ದಾಟಿಸುತ್ತಾರೆ ಎಂದು 2020ರ ಒಂದು ಪ್ರಯೋಗ ತೋರಿಸಿದೆ. ಮೂವತ್ತು ಜನರ ತರಗತಿಗಿಂತ ಒಂದು ರೊಬಾಟಿಕ್ಸ್ ತಂಡ ಹೆಚ್ಚು ಒಗ್ಗಬಹುದು.

ಕೊನೆಯದಾಗಿ ಅಮ್ಮಂದಿರ ವಿಷಯ. ತಾಯಿಯ ತಣ್ಣನೆಯ ಮನಸ್ಸೇ ಆಟಿಸಂಗೆ ಕಾರಣ ಅಂತ ವೈದ್ಯರೇ ನಂಬಿದ್ದ ಕಾಲ ಒಂದಿತ್ತು. 1964ರಲ್ಲಿ ಪುಸ್ತಕ ಬರೆದು ಅದನ್ನು ಪ್ರಶ್ನಿಸಿದವರು ಸ್ಯಾನ್ ಡಿಯಾಗೊದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್. ಅವರ ಮಗನಿಗೂ ಆಟಿಸಂ ಇತ್ತು. ಲಸಿಕೆಗಳ ಬಗ್ಗೆ ಅವರು ಆಮೇಲೆ ಹೇಳಿದ್ದನ್ನು ವಿಜ್ಞಾನ ಒಪ್ಪಿಲ್ಲ, ಆದರೆ ಈ ಒಂದು ಮಾತಿನಲ್ಲಿ ಅವರು ಸರಿ. ಆ ಆರೋಪ ಹೋಯಿತು, ಭಾರ ಹೋಗಲಿಲ್ಲ. ನಮ್ಮ ಮನೆಗಳಲ್ಲಿ ‘ಮನೆಯಲ್ಲೇ ಕಲಿಸೋಣ’ ಅಂದ್ರೆ ಬಹಳ ಸಲ ‘ಅಮ್ಮ ಕೆಲಸ ಬಿಡಲಿ’ ಅಂತಲೇ ಅರ್ಥ. ಅದನ್ನು ಬಾಯಿಬಿಟ್ಟು ಮಾತಾಡಿ, ಕೆಲಸ ಹಂಚಿಕೊಂಡು, ಆಮೇಲೆ ಅರ್ಜಿ ತುಂಬಿ. ಹೆತ್ತವರು ಎಲ್ಲ ಪಾಠಕ್ಕೂ ಮೇಷ್ಟ್ರಾಗಬೇಕಿಲ್ಲ, ಕಲಿಸಬಲ್ಲವರನ್ನು ಹುಡುಕಿಕೊಟ್ಟರೂ ಆಯಿತು.

ಹಾಗಾದ್ರೆ ಮೊದಲ ತಿಂಗಳು ಏನು ಮಾಡೋದು? ನಿದ್ದೆ ಸರಿಹೋಗಲಿ. ಮಗು ದಿನವಿಡೀ ಏನು ಮಾಡುತ್ತೆ ಅಂತ ನೋಡಿ, ಬರೆದಿಡಿ. ವೇಳಾಪಟ್ಟಿ ಬೇಕೇ ಬೇಕು ಅನಿಸಿದರೆ ಅವರನ್ನೇ ಕೂರಿಸಿಕೊಂಡು ಒಟ್ಟಿಗೆ ಬರೆಯಿರಿ.